ಬಾಗಿಲ ಮೇಲೊಂದು ಅನಾನಸ್

ನಾವು ದುಬೈಯ ಸತ್ವಾದಲ್ಲಿದ್ದ ಕಾಲದಲ್ಲಿ ಜುಲೈ ಬಂತೆಂದರೆ ಮಕ್ಕಳು ತಾವಾಗಿಯೇ ಎರಡು ಗುಂಪಾಗಿಬಿಡುತ್ತಿದ್ದರು. ಊರಿಗೆ ಹೋಗುವವರು ಮತ್ತು ಹೋಗದವರು. ಹೋಗುವವರ ಮನೆಯಲ್ಲಿ ಜೂನ್ ಮುಗಿಯುವ ಮೊದಲೇ ರಟ್ಟಿನ ಪೆಟ್ಟಿಗೆಗಳಿಗೆ ನೈಲಾನ್ ಹಗ್ಗ ಬಿಗಿಯುವ ಗಲಾಟೆ. ಹೋಗದವರಿಗೆ ಬೆಂಕಿಯಂಥ ಬಿಸಿಲು, ಖಾಲಿ ಓಣಿ, ಕಿಟಕಿಗೆ ಸಿಕ್ಕಿಸಿದ ಹಳೆ ಏಸಿಯ ಗುರುಗುಟ್ಟುವಿಕೆ. ತೊಂಬತ್ತರ ದಶಕದ ನಡುವಿನ ಆ ಬೇಸಿಗೆ ನಾನು ಹೋಗದವರ ಗುಂಪಿನಲ್ಲಿದ್ದೆ. ನನಗಾಗ ಹತ್ತು ವರ್ಷ.

ನಾವಿದ್ದದ್ದು ಒಂದು ಹಳೆಯ ವಿಲ್ಲಾದಲ್ಲಿ. ವಿಲ್ಲಾ ಎಂದರೆ ಈಗಿನವರು ಬೇರೆಯೇ ಏನನ್ನೋ ಕಲ್ಪಿಸಿಕೊಂಡಾರು. ಒಂದೊಂದು ಕೋಣೆಗೆ ಒಂದೊಂದು ಸಂಸಾರ, ಎಲ್ಲರಿಗೂ ಸೇರಿ ಒಂದು ಅಡಿಗೆಮನೆ, ಪಡಸಾಲೆಯ ಗೋಡೆಗೆ ಎಲ್ಲರಿಗೂ ಸೇರಿ ಒಂದು ಫೋನು. ಅಂಗಳದಲ್ಲಿ ಒಂದು ಕಾಡುಬಾದಾಮಿ ಮರ, ಅದಕ್ಕೆ ತಾಗಿಸಿ ಯಾರೋ ಕಟ್ಟಿದ್ದ ತಗಡಿನ ಚಪ್ಪರ. ಬೆಳಗ್ಗೆ ಅಮ್ಮ ಒಗ್ಗರಣೆ ಹಾಕುವ ಹೊತ್ತಿಗೆ ಪಕ್ಕದ ಒಲೆಯಲ್ಲಿ ಸ್ಟೆಲ್ಲಾ ಆಂಟಿಯ ಮೀನು ಸಾರು ಕುದಿಯುತ್ತಿತ್ತು. ಕರಿಬೇವು, ಪುನರ್ಪುಳಿ, ತೆಂಗಿನೆಣ್ಣೆ ಎಲ್ಲ ಬೆರೆತ ಆ ವಾಸನೆಯಲ್ಲಿ ಯಾವುದು ಯಾರ ಮನೆಯದೆಂದು ಹೇಳಲಾಗುತ್ತಿರಲಿಲ್ಲ. ಸ್ಟೆಲ್ಲಾ ಆಂಟಿ ಮಂಗಳೂರಿನವರು, ಜುಮೇರಾದ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಮನೆಯಲ್ಲಿ ಕೊಂಕಣಿ, ನಮ್ಮ ಹತ್ತಿರ ಕನ್ನಡ, ಸಿಟ್ಟು ಬಂದರೆ ತುಳು.

ಅಪ್ಪ ಕಾರ್ಕಳದ ಕಡೆಯ ಆಚಾರ್ಯರು, ಮರಗೆಲಸದ ಮನೆತನ. ಊರಲ್ಲಿದ್ದಾಗ ದೇವಸ್ಥಾನದ ಬಾಗಿಲುವಾಡ, ದೇವರ ಹಿಂದಿನ ಪ್ರಭಾವಳಿ ಕೆತ್ತಿದ ಕೈ. ದುಬೈಗೆ ಬಂದ ಮೇಲೆ ಒಂದು ಮರಗೆಲಸದ ಕಾರ್ಖಾನೆಯಲ್ಲಿ ಅಡಿಗೆಮನೆಯ ಕಪಾಟು, ಆಫೀಸಿನ ಬಾಗಿಲು. ಚಪ್ಪಟೆ ಹಲಗೆಗೆ ಚಪ್ಪಟೆ ಹಲಗೆ ಜೋಡಿಸುವುದು. ಉಳಿಗಳನ್ನು ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ ಮಂಚದ ಅಡಿಗೆ ಇಟ್ಟಿದ್ದರು. ಆ ವರ್ಷ ಏಪ್ರಿಲ್‌ನಲ್ಲಿ ಅವರ ಎಡಗೈ ತೋರುಬೆರಳು ಗರಗಸದ ಮೆಷಿನ್ನಿಗೆ ಸಿಕ್ಕಿ ಮೇಲಿನ ಗೆಣ್ಣು ಹೋಯಿತು. ಕೆತ್ತುವವನಿಗೆ ಆ ಬೆರಳು ಯಾಕೆ ಬೇಕೆಂದು ಅಪ್ಪನೇ ಒಮ್ಮೆ ನನಗೆ ತೋರಿಸಿದ್ದರು. ಬಲಗೈ ಕೊಡತಿ ಹೊಡೆಯುತ್ತದೆ, ಎಡಗೈ ಉಳಿ ಹಿಡಿಯುತ್ತದೆ, ಆದರೆ ಉಳಿ ಎಲ್ಲಿಗೆ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂದು ಹೇಳುವುದು ಆ ತೋರುಬೆರಳು.

ಕಂಪನಿಯವರು ಕೈ ವಾಸಿಯಾಗುವವರೆಗೆ ರಜೆ ಕೊಟ್ಟರು. ಅಕ್ಟೋಬರಿಗೆ ಅಪ್ಪನ ವೀಸಾ ಮುಗಿಯುವುದಿತ್ತು. ಮುಂದೇನು ಎಂದು ಯಾರೂ ಹೇಳಲಿಲ್ಲ. ಗಲ್ಫಿನಲ್ಲಿ ಬೆಳೆದವರಿಗೆ 'ಕ್ಯಾನ್ಸಲ್' ಎಂಬ ಶಬ್ದದ ತೂಕ ಗೊತ್ತು: ವೀಸಾ ಹೋದರೆ ಇಡೀ ಸಂಸಾರ ಊರಿಗೆ. ಅಮ್ಮ ಆ ಶಬ್ದವನ್ನು ನನ್ನ ಎದುರು ಆಡುತ್ತಿರಲಿಲ್ಲ, ಸ್ಟೆಲ್ಲಾ ಆಂಟಿಯ ಹತ್ತಿರ ಪಿಸುಗುಡುತ್ತಿದ್ದರು. ಅಪ್ಪ ದಿನವಿಡೀ ಗೋಡೆ ಕಡೆಗೆ ತಿರುಗಿ ಮಲಗಿರುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಒಬ್ಬಳೇ ಚೆನ್ನೆಮಣೆ ಆಡುತ್ತಿದ್ದೆ. ಅಪ್ಪ ನನಗಾಗಿ ಹಿಂದೊಮ್ಮೆ ಕೆತ್ತಿದ ಹದಿನಾಲ್ಕು ಕುಳಿಗಳ ಮಣೆ, ಆಡಲು ಹುಣಸೆ ಬೀಜ. ಎರಡೂ ಕಡೆ ನಾನೇ, ಗೆದ್ದವಳೂ ನಾನೇ.

ಒಂದು ದಿನ ಸ್ಟೆಲ್ಲಾ ಆಂಟಿ ಡ್ಯೂಟಿಯಿಂದ ಬಂದವರು ಬ್ಯಾಗು ಕೂಡ ಇಳಿಸದೆ ನಮ್ಮ ಬಾಗಿಲಲ್ಲಿ ನಿಂತರು.

"ಆಚಾರ್ರೆ, ನಮ್ಮ ಡಾಕ್ಟ್ರಿಗೆ ಒಬ್ಬ ಕೆತ್ತುವವ ಬೇಕಂತೆ."

ಅಪ್ಪ ತಿರುಗಲಿಲ್ಲ. ಕೈಯೆತ್ತಿ ಬ್ಯಾಂಡೇಜು ತೋರಿಸಿದರು.

"ಗೊತ್ತುಂಟು ಮಾರಾಯ್ರೆ, ಆ ಪಟ್ಟಿ ಕಟ್ಟಿದ್ದು ನಾನೇ ಅಲ್ವಾ? ಗಾಯ ಆರಿದೆ. ಇನ್ನು ಆ ಬಟ್ಟೆ ಸುತ್ತಿಕೊಳ್ಳುವುದು ಯಾಕೆ? ಮಾಡ್ಲಿಕ್ಕಾಗುದಿಲ್ಲ ಅಂತ ಅವರಿಗೆ ನೀವೇ ಹೇಳಿ. ನಾನು ಹೇಳುದಿಲ್ಲ."

ಹೇಳಲೆಂದೇ ಅಪ್ಪ ಹೋದರು. ಇಂಗ್ಲಿಷು ಬೇಕಲ್ಲ ಎಂದು ನನ್ನನ್ನೂ ಕರೆದುಕೊಂಡು ಹೋದರು.

ಡಾಕ್ಟರ್ ರೂತ್ ಅಮೆರಿಕದವರು. ಬೆಳ್ಳಿ ಕೂದಲಿನ, ಎತ್ತರದ ಹೆಂಗಸು. ಅವರಿದ್ದ ಜುಮೇರಾದ ಓಣಿಯಲ್ಲಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ವಿಲ್ಲಾಗಳ ಸಾಲು. ಬಿಳಿ ಗೋಡೆ, ಕಂದು ಬಾಗಿಲು, ಎದುರಿಗೆ ಬೋಗನ್‌ವಿಲ್ಲಾ. ಒಳಗೆ ಅವರ ಗಂಡ ವಾಲ್ಟರ್ ಅಂಕಲ್ ಆರಾಮಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ಕಂಡು ನಕ್ಕು ಹೆಸರು ಕೇಳಿದರು. "ಶೈಲಾ" ಅಂದೆ. ಒಂದು ಲೋಟ ಶರಬತ್ತು ಕುಡಿಯುವುದರೊಳಗೆ ಅದೇ ನಗುವಿನಿಂದ ಮತ್ತೆ ಹೆಸರು ಕೇಳಿದರು. ನಾನು ಮತ್ತೆ ಹೇಳಿದೆ.

ಡಾಕ್ಟರು ನಮ್ಮನ್ನು ಅಡಿಗೆಮನೆಗೆ ಕರೆದು ಮೆಲ್ಲಗೆ ಹೇಳಿದ್ದನ್ನು ನಾನು ಅಪ್ಪನಿಗೆ ಕನ್ನಡಕ್ಕೆ ತಿರುಗಿಸುತ್ತ ಹೋದೆ. ವಾಲ್ಟರಿಗೆ ಮರೆವಿನ ಕಾಯಿಲೆ. ಸಂಜೆ ವಾಕಿಂಗ್ ಹೋದರೆ ಯಾವ ಮನೆ ತಮ್ಮದೆಂದು ತಿಳಿಯುವುದಿಲ್ಲ. ಪಕ್ಕದ ಮನೆಗಳ ಬಾಗಿಲು ತಟ್ಟುತ್ತಾರೆ. ಕೆಲವೊಮ್ಮೆ ಎಲ್ಲ ಬಾಗಿಲುಗಳನ್ನೂ ದಾಟಿ ಸಮುದ್ರದ ಕಡೆ ನಡೆದುಬಿಡುತ್ತಾರೆ. ಅವರನ್ನು ಮನೆಯಲ್ಲೇ ಕೂಡಿಹಾಕಲು ಡಾಕ್ಟರಿಗೆ ಮನಸ್ಸಿಲ್ಲ. ಅವರಿಗೆ ಹೊಸದು ನೆನಪಿರುವುದಿಲ್ಲ, ಆದರೆ ಹಳೆಯದು ಚೆನ್ನಾಗಿ ನೆನಪಿದೆ. ಹಾಗಾಗಿ ಈ ಮನೆಯ ಬಾಗಿಲನ್ನು ಅವರು ಹುಟ್ಟಿ ಬೆಳೆದ ಮನೆಯ ಬಾಗಿಲಿನ ಹಾಗೆ ಮಾಡಿದರೆ ಹೇಗೆ?

ಒಂದು ಫೋಟೊ ತಂದು ಮೇಜಿನ ಮೇಲಿಟ್ಟರು. ಅಮೆರಿಕದ ಸಮುದ್ರತೀರದ ಊರೊಂದರ ಮರದ ಮನೆ. ಇನ್ನೂರು ವರ್ಷಕ್ಕೂ ಹಳೆಯದಂತೆ, ಈಗ ಇಲ್ಲವಂತೆ, ಕೆಡವಿ ರಸ್ತೆ ಮಾಡಿದ್ದಾರಂತೆ. ಮನೆಯ ಉಳಿದ ಭಾಗವೆಲ್ಲ ಬರೀ ಹಲಗೆ, ಚಪ್ಪಟೆ. ಶೃಂಗಾರವನ್ನೆಲ್ಲ ತಂದು ಬಾಗಿಲಿಗೆ ಮಾತ್ರ ಸುರಿದಿದ್ದರು. ಎರಡೂ ಬದಿಗೆ ಗೋಡೆಗಂಟಿದ ಕಂಬಗಳು. ಅವುಗಳ ಮೇಲೆ ಹಲ್ಲುಸಾಲಿನಂಥ ಸಣ್ಣ ಸಣ್ಣ ಚೌಕ. ಅದರ ಮೇಲೆ ಎರಡು ಹಂಸಗಳು ಕತ್ತು ಬಾಗಿಸಿ ಒಂದನ್ನೊಂದು ನೋಡಿದಂತೆ ಎರಡು ಸುರುಳಿ, ಸುರುಳಿಯ ತುದಿಗೆ ಹೂವು. ಆ ಎರಡು ಕತ್ತುಗಳು ಸೇರದೆ ಬಿಟ್ಟ ನಡುವಿನ ಜಾಗದಲ್ಲಿ, ಪುಟ್ಟ ಪೀಠದ ಮೇಲೆ, ಒಂದು ಅನಾನಸ್. ಬಾಗಿಲ ಕೆಳಗೆ ಚಡ್ಡಿ ತೊಟ್ಟ ಒಬ್ಬ ಪುಟ್ಟ ಹುಡುಗ ಕಣ್ಣು ಕಿರಿದಾಗಿಸಿ ನಿಂತಿದ್ದ. ಅದು ವಾಲ್ಟರ್ ಅಂಕಲ್.

ಅಪ್ಪ ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು.

"ನಮ್ಮ ಪ್ರಭಾವಳಿಯ ಹಾಗೇ ಉಂಟಲ್ಲ ಮಗಾ. ನಾವು ನಡುವೆ ಸಿಂಹದ ಮುಖ ಇಡ್ತೇವೆ. ಇವರು ಅನಾನಸ್ ಇಟ್ಟಿದ್ದಾರೆ. ಯಾಕಂತೆ, ಕೇಳು."

ಡಾಕ್ಟರ್ ನಕ್ಕರು. ಆ ತೀರದ ಹಡಗುಗಳು ಆಗ ದೂರದ ಬಿಸಿಲ ನಾಡುಗಳಿಗೆ ಹೋಗುತ್ತಿದ್ದವಂತೆ. ತಿಂಗಳುಗಟ್ಟಲೆ ಕಾಣೆಯಾಗಿದ್ದ ಗಂಡಸು ಜೀವಸಹಿತ ಮರಳಿದರೆ, ಅಲ್ಲಿಂದ ತಂದ ಅನಾನಸನ್ನು ಮನೆಯ ಮುಂದೆ ಸಿಕ್ಕಿಸುತ್ತಿದ್ದನಂತೆ. ನಾನು ಬಂದಿದ್ದೇನೆ, ನೀವೆಲ್ಲ ಒಳಗೆ ಬನ್ನಿ ಎಂದು ಅದರ ಅರ್ಥ. ಹಡಗಿನ ಮೂತಿಗೆ ಬೊಂಬೆ ಕೆತ್ತುತ್ತಿದ್ದ ಬಡಗಿಗಳೇ ಚಳಿಗಾಲದಲ್ಲಿ ಕೆಲಸವಿಲ್ಲದಾಗ ಅದನ್ನು ಮರದಲ್ಲಿ ಕೆತ್ತಿ ಬಾಗಿಲ ಮೇಲೆ ಇಟ್ಟರೆಂದು ವಾಲ್ಟರ್ ಅಂಕಲ್‌ನ ತಾಯಿ ಹೇಳುತ್ತಿದ್ದರಂತೆ. "ನಿಜವೋ ಕಥೆಯೋ ಗೊತ್ತಿಲ್ಲ. ವಾಲ್ಟರ್ ಅದನ್ನು ನಂಬಿ ಬೆಳೆದವರು" ಎಂದರು.

ಅಪ್ಪ ಆಗುವುದಿಲ್ಲವೆಂದು ಹೇಳಲು ಹೋದವರು ಅದನ್ನು ಹೇಳದೆಯೇ ಬಂದರು. ಹೊರಗಿನ ಕೆಲಸಕ್ಕೆ ಕಂಪನಿಯ ಒಪ್ಪಿಗೆ ಬೇಕಿತ್ತು, ಡಾಕ್ಟರೇ ಕಾರ್ಖಾನೆಗೆ ಹೋಗಿ ಮಾತಾಡಿ ಬಂದರು. ಮ್ಯಾನೇಜರಿಗೆ ನಂಬಿಕೆಯಿರಲಿಲ್ಲ. "ಹೇಗೂ ಮನೇಲಿ ಕೂತಿದ್ದಾನೆ. ಮೆಷಿನ್ ಖಾಲಿಯಿಲ್ಲ, ಮನೆಯಲ್ಲೇ ಮಾಡಲಿ. ಆಗದಿದ್ದರೆ ಖಲಾಸ್, ಹೇಳಿಬಿಡಲಿ" ಎಂದನಂತೆ. ಆ ಕೊನೆಯ ಮಾತನ್ನು ಅಪ್ಪ ಅಮ್ಮನಿಗೆ ಎರಡು ಸಲ ಹೇಳಿದರು.

ಅಮ್ಮನಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ.

"ಈಗ ತಾನೇ ಕೂಡಿದ ಬೆರಳು. ಪುನಃ ಒಡೆದರೆ? ಆಗ್ಲಿಲ್ಲ ಅಂತ ಮ್ಯಾನೇಜರಿಗೆ ನಾವೇ ತೋರಿಸಿಕೊಟ್ಟ ಹಾಗೆ ಆಗುದಿಲ್ವಾ?"

"ಮಲಗಿಕೊಂಡೇ ಇದ್ರೂ ಅವನಿಗೆ ಅದೇ ಅಲ್ವಾ ಕಾಣುದು?" ಎಂದರು ಅಪ್ಪ.

ಕಾರ್ಖಾನೆಯಿಂದ ಮರ ಬಂದಾಗ ಅಪ್ಪನಿಗೆ ನಗು. ತೇಗವಲ್ಲ, ಹಲಸಲ್ಲ, ವೈಟ್‌ವುಡ್. ಪ್ಯಾಕಿಂಗ್ ಪೆಟ್ಟಿಗೆಗೆ, ಕಾಂಕ್ರೀಟಿನ ಅಚ್ಚಿಗೆ ಬಳಸುವ ಬಿಳಿಮರ. ಮೂಲ ಬಾಗಿಲು ಪೈನ್ ಮರದ್ದು, ಮೇಲೆ ಬಿಳಿ ಬಣ್ಣ ಬಳಿದದ್ದು, ಆದ್ದರಿಂದ ಇದೂ ಹಾಗೇ ಇರಬೇಕೆಂದು ಡಾಕ್ಟರ ಹಟ. ಕೆತ್ತಿದ ಮೇಲೆ ಬಣ್ಣ ಬಳಿಯುವುದೆಂದರೆ ಅಪ್ಪನಿಗೆ ಮದುಮಗಳಿಗೆ ಕಂಬಳಿ ಹೊದಿಸಿದ ಹಾಗೆ. ಆದರೆ ಮೊದಲ ದಿನವೇ ಗೊತ್ತಾಯಿತು, ಆ ಮೆತ್ತನೆಯ ಮರ ಅವರ ಕೈಗೆ ಒಳ್ಳೆಯದು ಮಾಡಿತು. ತೇಗವಾಗಿದ್ದರೆ ಆ ಬೆರಳು ತಡೆಯುತ್ತಿರಲಿಲ್ಲ.

ಬೆಳಕು ಹರಿಯುತ್ತಲೇ ಚಪ್ಪರದಡಿ ಕೂತರೆ ಬಿಸಿಲು ಗೋಡೆ ಹತ್ತಿ ಬರುವವರೆಗೆ ಕೆಲಸ. ನಾನು ಎಚ್ಚರಾಗುತ್ತಿದ್ದದ್ದು ಕೊಡತಿಯ ಸದ್ದಿಗೆ. ಮೊದಮೊದಲು ಅದು ತೊದಲುತ್ತಿತ್ತು. ಟಕ್, ಆಮೇಲೆ ಬಹಳ ಹೊತ್ತು ಏನಿಲ್ಲ, ಮತ್ತೆ ಟಕ್. ಅಪ್ಪ ಮಧ್ಯದ ಬೆರಳಿಗೆ ತೋರುಬೆರಳಿನ ಕೆಲಸ ಕಲಿಸುತ್ತಿದ್ದರು. ಉಳಿ ಜಾರಿದಾಗ ಕೈ ಕೊಡವಿ ಮತ್ತೆ ಹಿಡಿಯುತ್ತಿದ್ದರು. ಅಮ್ಮ ಅಡಿಗೆಮನೆಯ ಕಿಟಕಿಯಿಂದ ನೋಡಿ ಮುಖ ತಿರುಗಿಸಿಕೊಳ್ಳುತ್ತಿದ್ದರು. ಚಪ್ಪರದ ತುಂಬ ಸಿಪ್ಪೆಸುರುಳಿ, ಅಂಟಿನ, ನಿಂಬೆಯಂಥ ಹಸಿಮರದ ವಾಸನೆ. ನಾನು ಉದ್ದನೆಯ ಸುರುಳಿಗಳನ್ನು ಕಿವಿಗೆ ಸಿಕ್ಕಿಸಿಕೊಂಡು ಲೋಲಾಕು ಎನ್ನುತ್ತಿದ್ದೆ.

ಮಾದರಿಗೆಂದು ಸತ್ವಾದ ತರಕಾರಿ ಅಂಗಡಿಯಿಂದ ಅನಾನಸ್ ಬಂತು. ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಆ ಸೆಕೆಗೆ ಅದು ಹಣ್ಣಾಗಿ ಇಡೀ ವಿಲ್ಲಾ ಘಮಗುಟ್ಟಿತು. ನಾನು ಅದರ ಸುತ್ತ ನೊಣದ ಹಾಗೆ ಸುತ್ತಿದೆ. ಇನ್ನೇನು ಕೊಳೆಯುತ್ತದೆ ಎನ್ನುವಾಗ ಅಪ್ಪ "ಆಯ್ತು, ತೆಗೆದುಕೊಳ್ಳಿ" ಎನ್ನುವುದು, ಅಮ್ಮ ಎಳ್ಳು ಹುರಿದು, ಬೆಲ್ಲ ಹಾಕಿ ಮೆಣಸ್ಕಾಯಿ ಎಂಬ ಸಿಹಿಖಾರದ ಗೊಜ್ಜು ಮಾಡುವುದು, ಹೊಸ ಅನಾನಸ್ ಬಂದು ಪೀಠದ ಮೇಲೆ ಕೂರುವುದು. ಆ ಬೇಸಿಗೆಯಲ್ಲಿ ನಾವು ತಿಂದಷ್ಟು ಮೆಣಸ್ಕಾಯಿಯನ್ನು ಯಾವ ಮದುವೆಯಲ್ಲೂ ತಿಂದಿರಲಾರೆವು. ಸ್ಟೆಲ್ಲಾ ಆಂಟಿ, "ಅಕ್ಕ, ನಾಳೆ ಆದ್ರೂ ಒಂದು ಮೀನು ಕೆತ್ಲಿಕ್ಕೆ ಹೇಳಿ ಆಚಾರ್ರಿಗೆ" ಎಂದು ಅಮ್ಮನನ್ನು ನಗಿಸುತ್ತಿದ್ದರು.

ಮರದ ಮೊದಲ ಅನಾನಸ್ ಕೆತ್ತಿ ಮುಗಿದಾಗ ಡಾಕ್ಟರ್ ಗಂಡನನ್ನು ಕರೆದುಕೊಂಡು ನೋಡಲು ಬಂದರು. ಅಪ್ಪ ಮನಸ್ಸು ಬಿಚ್ಚಿ ಕೆತ್ತಿದ್ದರು. ಕಣ್ಣುಕಣ್ಣಿಗೂ ಮುತ್ತಿನಂಥ ಒಂದು ಮಣಿ, ಬುಡಕ್ಕೆ ಕಮಲದ ದಳ, ಸುತ್ತ ಬಳ್ಳಿ, ನೆತ್ತಿಯ ಎಲೆಗಳು ಜ್ವಾಲೆಯಂತೆ. ವಿಲ್ಲಾದವರೆಲ್ಲ ಸುತ್ತ ನಿಂತು ಬಾಯಿ ಬಿಟ್ಟಿದ್ದೆವು. ಡಾಕ್ಟರ್ ಅದರ ಸುತ್ತ ಒಂದು ಸುತ್ತು ಬಂದರು. ಕೈಯಿಂದ ಸವರಿದರು. ಆಮೇಲೆ ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದರು. ಅದನ್ನು ಅಪ್ಪನಿಗೆ ಹೇಗೆ ಹೇಳುವುದೆಂದು ನಾನು ಡಾಕ್ಟರ ಮುಖವನ್ನೇ ನೋಡಿದೆ.

"ಏನಂತೆ?" ಅಪ್ಪ ಕೇಳಿದರು.

"ತುಂಬ ಚೆಂದ ಉಂಟಂತೆ ಅಪ್ಪ. ಇಷ್ಟು ಚೆಂದದ್ದು ಅವರು ನೋಡಿಯೇ ಇಲ್ಲವಂತೆ. ಆದರೆ... ಇದು ಅಂಕಲ್‌ನ ಮನೆದಲ್ಲವಂತೆ."

ಅಪ್ಪ ವಾಲ್ಟರ್ ಅಂಕಲ್ ಕಡೆ ನೋಡಿದರು. ಅವರು ಅನಾನಸನ್ನು ಬಿಟ್ಟು ಬಾದಾಮಿ ಮರದ ಅಳಿಲು ಹುಡುಕುತ್ತಿದ್ದರು. ಅಲ್ಲಿ ಅಳಿಲು ಇರಲೇ ಇಲ್ಲ.

ಮರುದಿನ ಬೆಳಗ್ಗೆ ಅಪ್ಪ ಡಾಕ್ಟರು ಕೊಟ್ಟ ಫೋಟೊವನ್ನು ಚಪ್ಪರದ ಕಂಬಕ್ಕೆ ಅಂಟಿಸಿಕೊಂಡು ಹೊಸ ತುಂಡು ಎತ್ತಿಕೊಂಡರು. "ಆ ಹಡಗಿನ ಆಚಾರಿಗಳು ಏನು ಬಿಟ್ಟಿದ್ದಾರೆ ಅಂತ ನೋಡ್ಬೇಕಿತ್ತು. ನಾನು ಏನು ಹಾಕಬಹುದು ಅಂತ ನೋಡಿದೆ" ಎಂದರು. ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ.

ಆಮೇಲೆ ಡಾಕ್ಟರು ಕ್ಲಿನಿಕ್ಕಿಗೆ ಹೋಗುವಾಗ ಆಗಾಗ ವಾಲ್ಟರ್ ಅಂಕಲನ್ನು ನಮ್ಮಲ್ಲೇ ಬಿಟ್ಟು ಹೋಗತೊಡಗಿದರು. ಅವರು ಚಪ್ಪರದಡಿ ಮೊಣಕಾಲಿನ ಮೇಲೆ ಕೈಯಿಟ್ಟು ಕೂತು ಕೆತ್ತನೆ ನೋಡುತ್ತಿದ್ದರು. ಬಿಸಿಲೇರಿದ ಮೇಲೆ ಒಳಗೆ ನನ್ನೊಂದಿಗೆ ಚೆನ್ನೆಮಣೆ. ಆಟದ ನಿಯಮ ದಿನಾ ಹೊಸದಾಗಿ ಹೇಳಿಕೊಡಬೇಕಾಗುತ್ತಿತ್ತು, ಆದರೆ ಆಡುತ್ತ ಆಡುತ್ತ ಅವರ ಬೆರಳು ತಾನಾಗಿಯೇ ಸರಿಯಾದ ಕುಳಿಗೆ ಬೀಜ ಹಾಕುತ್ತಿತ್ತು. ನನ್ನನ್ನು ಸೋಲಿಸಿದಾಗ ಗಟ್ಟಿಯಾಗಿ ಚಪ್ಪಾಳೆ. ರಜೆಯಲ್ಲಿ ನನಗೆ ಸಿಕ್ಕ ಒಬ್ಬನೇ ಗೆಳೆಯ ಅವರು. ಬೆಳಗ್ಗೆ ಬೆಳಗ್ಗೆ ನನ್ನ ಪರಿಚಯ ಮಾಡಿಕೊಳ್ಳುತ್ತಿದ್ದ ಗೆಳೆಯ.

ಒಂದು ಬೆಳಗ್ಗೆ, ಎರಡನೆಯ ಅನಾನಸಿನ ಆಕಾರ ಆಗಷ್ಟೇ ಎದ್ದು ಬರುತ್ತಿದ್ದಾಗ, ಅವರು ಕುರ್ಚಿಯಿಂದೆದ್ದು ಹೋಗಿ ಅದರ ಹಿಂಬದಿಗೆ ಕೈ ಹಾಕಿದರು. "ಇಲ್ಲಿ ಹಕ್ಕಿ ಗೂಡು ಕಟ್ಟುತ್ತಿತ್ತು. ಅಮ್ಮ ತೆಗೆಯಲು ಬಿಡುತ್ತಿರಲಿಲ್ಲ" ಅಂದರು. ನಾನು ಅಪ್ಪನಿಗೆ ಹೇಳಿದೆ. ಅಪ್ಪ ಉಳಿ ಕೆಳಗಿಟ್ಟು ಎರಡೂ ಕೈಯಿಂದ ಮುಖ ಒರೆಸಿಕೊಂಡರು. ಆ ದಿನದಿಂದ ಕೊಡತಿಯ ತೊದಲು ನಿಂತುಹೋಯಿತು.

ಆಗಸ್ಟಿನಲ್ಲಿ, ಎಲ್ಲ ತುಂಡುಗಳೂ ಮುಗಿದು ಮೊದಲ ಸುತ್ತಿನ ಬಿಳಿ ಬಣ್ಣ ಒಣಗುತ್ತಿದ್ದ ಒಂದು ಮಧ್ಯಾಹ್ನ, ಪಡಸಾಲೆಯ ಫೋನು ಹೊಡೆದುಕೊಂಡಿತು. ನಾನೇ ಎತ್ತಿದೆ. ಡಾಕ್ಟರ ಧ್ವನಿ ಗುರುತು ಸಿಗದಷ್ಟು ಬದಲಾಗಿತ್ತು. ವಾಲ್ಟರ್ ಮನೆಯಲ್ಲಿಲ್ಲ. ನಿಮ್ಮಲ್ಲಿಗೆ ಬಂದಿದ್ದಾರೆಯೇ? ಕ್ಲಿನಿಕ್ಕಿನಿಂದ ಬಂದು ನೋಡಿದರೆ ಬಾಗಿಲು ತೆರೆದಿತ್ತು.

ಬಂದಿರಲಿಲ್ಲ. ಹೊರಗೆ ಕಾಲಿಟ್ಟರೆ ಚಪ್ಪಲಿ ಅಂಟುವಂಥ ಬಿಸಿಲು. ಅಪ್ಪ ಅರ್ಧ ಊಟ ಬಿಟ್ಟೆದ್ದು, ತಲೆಗೆ ಬೈರಾಸು ಸುತ್ತಿ, ಟ್ಯಾಕ್ಸಿ ಹಿಡಿದು ಜುಮೇರಾ ಕಡೆ ಓಡಿದರು. ಅಮ್ಮ ದೇವರ ಫೋಟೊದ ಮುಂದೆ ಕೈ ಮುಗಿದು ನಿಂತರು. ನಾನು ಕಿಟಕಿಯ ಬಳಿ ಕೂತೆ. ಓಣಿಯಲ್ಲಿ ಒಂದು ಬೆಕ್ಕೂ ಇರಲಿಲ್ಲ.

ಎಷ್ಟೋ ಹೊತ್ತಾದ ಮೇಲೆ ಗೇಟು ಕಿರುಗುಟ್ಟಿತು. ವಾಲ್ಟರ್ ಅಂಕಲ್. ತಲೆಗೆ ಟೋಪಿಯಿಲ್ಲ, ಕಾಲಲ್ಲಿ ಮನೆಯೊಳಗಿನ ಮೆತ್ತನೆ ಚಪ್ಪಲಿ, ಮುಖ ಕೆಂಪು ಕೆಂಪು. ಜುಮೇರಾದಿಂದ ನಮ್ಮಲ್ಲಿಯವರೆಗೆ ನಡೆದೇ ಬಂದಿದ್ದರು. ಬೀಜ ಹಾಕಲು ಬೆರಳು ಕಲಿತ ಹಾಗೆ ದಾರಿಯನ್ನು ಕಾಲು ಕಲಿತಿತ್ತೇನೋ. ನೇರ ಚಪ್ಪರದಡಿ ಹೋಗಿ, ಗೋಡೆಗೆ ಒರಗಿಸಿಟ್ಟ ಆ ಬಿಳಿಯ ಸುರುಳಿಗಳ, ಅನಾನಸಿನ ಎದುರು ನಿಂತರು. ನಾನು ಓಡಿಹೋದೆ. ನನ್ನ ಕಡೆ ತಿರುಗಿ, ನನ್ನದೇ ವಯಸ್ಸಿನ ಹುಡುಗನ ದನಿಯಲ್ಲಿ ಕೇಳಿದರು:

"ಅಮ್ಮ ಮನೆಯಲ್ಲಿದ್ದಾರಾ?"

ಇದು ನಿಮ್ಮ ಮನೆಯಲ್ಲ ಎನ್ನಲೇ? ನಿಮ್ಮ ಅಮ್ಮ ಎಂದೋ ತೀರಿಕೊಂಡಿದ್ದಾರೆ ಎನ್ನಲೇ? ಅಷ್ಟರಲ್ಲಿ ಅಮ್ಮ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದರು.

"ಎಂತ ಕೇಳ್ತಿದ್ದಾರೆ?"

"ಅಮ್ಮ ಮನೇಲಿದ್ದಾರಾ ಅಂತ."

ಅಮ್ಮ ಅವರ ಮುಖವನ್ನು ಒಂದು ಗಳಿಗೆ ನೋಡಿದರು. "ಇದ್ದೇನೆ ಅಂತ ಹೇಳು" ಎಂದರು.

ನಾನು ಹೇಳಿದೆ. ಅವರ ಭುಜಗಳು ಕೆಳಗಿಳಿದವು. ಅಮ್ಮ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಚಾಪೆಯ ಮೇಲೆ ಕೂರಿಸಿದರು. ಉಪ್ಪು ಹಾಕಿದ ಮಜ್ಜಿಗೆಯನ್ನು ಸ್ವಲ್ಪ ಸ್ವಲ್ಪವೇ ಕುಡಿಸಿದರು. ಬಟ್ಟೆ ಒದ್ದೆ ಮಾಡಿ ಹಣೆ, ಕತ್ತು, ಅಂಗಾಲು ಒರೆಸಿದರು. ಒಬ್ಬ ಪರಗಂಡಸಿನ ಎದುರು ತಲೆಯೆತ್ತಿ ನಿಲ್ಲದ ನನ್ನ ಅಮ್ಮ, ಒಂದು ಅಕ್ಷರ ಇಂಗ್ಲಿಷು ಬಾರದವರು, ಕನ್ನಡದಲ್ಲೇ ಗದರುತ್ತಿದ್ದರು: "ಇಷ್ಟು ಬಿಸಿಲಿಗೆ ಯಾರಾದ್ರೂ ಹೊರಗೆ ಹೋಗ್ತಾರಾ? ಬುದ್ಧಿ ಬೇಡ್ವಾ?" ಅವರು ಎಲ್ಲದಕ್ಕೂ ತಲೆಯಾಡಿಸುತ್ತ ಮಜ್ಜಿಗೆ ಕುಡಿದರು. ಆಮೇಲೆ ಅನ್ನ, ಮೆಣಸ್ಕಾಯಿ. ಎಳೆಮಗುವಿನ ಹಾಗೆ ಚಮಚೆಯಲ್ಲಿ ತಿಂದು ಅಲ್ಲೇ ಏಸಿಯ ಕೆಳಗೆ ಮಲಗಿ ನಿದ್ದೆಹೋದರು. ಆಗಿನಿಂದ ಯಾರೂ ಎತ್ತದಿದ್ದ ಡಾಕ್ಟರ ಮನೆಯ ಫೋನಿಗೆ ನಾನು ಮತ್ತೊಮ್ಮೆ ಮಾಡಿದೆ, ಈ ಸಲ ಅವರೇ ಎತ್ತಿದರು.

ಡಾಕ್ಟರ್ ಬಂದಾಗ ಅಮ್ಮ ಇನ್ನೂ ಅವರ ಪಕ್ಕದಲ್ಲಿ ಕೂತು ಮಡಿಚಿದ ಪೇಪರಿನಿಂದ ಗಾಳಿ ಬೀಸುತ್ತಿದ್ದರು. ಡಾಕ್ಟರ್ ನಾಡಿ ನೋಡಿದರು, ಕಣ್ಣು ನೋಡಿದರು. ಆಮೇಲೆ ಆ ಎತ್ತರದ ಹೆಂಗಸು ನಮ್ಮ ನೆಲದ ಮೇಲೆ ಕುಸಿದು ಕೂತು, ಅಮ್ಮನ ಹೆಗಲಿಗೆ ತಲೆಯಿಟ್ಟು ಸದ್ದು ಮಾಡದೆ ಅತ್ತರು. ನಾನು ತಿರುಗಿಸಿ ಹೇಳಬೇಕಾದ ಮಾತು ಯಾವುದೂ ಇರಲಿಲ್ಲ. ಡಾಕ್ಟರ ಜೊತೆಗೇ ಬಂದ ಅಪ್ಪ ಬಾಗಿಲಲ್ಲಿ ಬೆವರಿನಲ್ಲಿ ತೊಯ್ದು ನಿಂತಿದ್ದರು. ಮರುದಿನ ಬೆಳಗ್ಗೆ ಅಪ್ಪ ಎರಡನೆಯ ಸುತ್ತಿನ ಬಣ್ಣ ಬಳಿಯುವಾಗ ಅಮ್ಮ ತಾವಾಗಿಯೇ ಹೋಗಿ ಡಬ್ಬ ಹಿಡಿದು ನಿಂತರು.

ಬಾಗಿಲಿಗೆ ಅದನ್ನು ಏರಿಸಿದ್ದು ಒಂದು ಶುಕ್ರವಾರ. ಅಪ್ಪನೂ ಕಾರ್ಖಾನೆಯ ಇಬ್ಬರು ಗೆಳೆಯರೂ ಸೇರಿ ಬೆಳಗ್ಗೆಯೇ ಶುರುಮಾಡಿದರು. ಕಂಬ, ಹಲ್ಲುಸಾಲು, ಎರಡು ಹಂಸದ ಕತ್ತು, ಕೊನೆಗೆ ನಡುವೆ ಅನಾನಸ್. ಈ ಸಲದ್ದರಲ್ಲಿ ಮಣಿಯಿಲ್ಲ, ಕಮಲವಿಲ್ಲ. ಓರೆ ಗೆರೆಗಳು ಒಂದನ್ನೊಂದು ದಾಟಿ ಮಾಡಿದ ಕಣ್ಣುಗಳು, ನೆತ್ತಿಯಲ್ಲಿ ಒತ್ತಾದ ಎಲೆ, ಅಷ್ಟೇ. ಹಿಂಬದಿಯಲ್ಲಿ ಒಂದು ಹಕ್ಕಿಗೆ ಆಗುವಷ್ಟು ಜಾಗ. ಸಂಜೆ ಬಿಸಿಲು ಓರೆಯಾದಾಗ ಆ ಬಿಳುಪಿನ ಮೇಲೆ ನೆರಳು ಬಿದ್ದು ಪ್ರತಿಯೊಂದು ಗೆರೆಯೂ ಎದ್ದುಬಂತು. ಬಿಳಿ ಬಣ್ಣ ಯಾಕೆಂದು ಅಪ್ಪನಿಗೆ ಅರ್ಥವಾದದ್ದು ಆಗ. "ಓಹೋ" ಎಂದರು.

ಡಾಕ್ಟರ್ ಗಂಡನನ್ನು ಓಣಿಯ ಆ ತುದಿಯವರೆಗೆ ವಾಕಿಂಗ್ ಕರೆದುಕೊಂಡು ಹೋಗಿದ್ದರು. ನಾವೆಲ್ಲ, ಅಪ್ಪ, ಅಮ್ಮ, ಸ್ಟೆಲ್ಲಾ ಆಂಟಿ, ನಾನು, ಎದುರು ಬದಿಯ ಗೋಡೆಗೆ ಒತ್ತಿ ನಿಂತೆವು. ಅವರಿಬ್ಬರೂ ತಿರುಗಿ ಬರುವುದು ಕಂಡಿತು. ಡಾಕ್ಟರ್ ಬೇಕೆಂದೇ ಒಂದೆರಡು ಹೆಜ್ಜೆ ಹಿಂದೆ ಉಳಿದರು. ವಾಲ್ಟರ್ ಅಂಕಲ್ ಮೊದಲ ಮನೆಯ ಗೇಟಿನ ಬಳಿ ನಿಂತರು. ಅಮ್ಮ ನನ್ನ ಕೈ ಹಿಂಡಿದರು. ಅವರು ಮುಂದೆ ನಡೆದರು. ಮುಂದಿನ ಮನೆಯ ಬೋಗನ್‌ವಿಲ್ಲಾ ಹೂವನ್ನು ಮುಟ್ಟಿ ನೋಡಿದರು. ಮತ್ತೆ ಮುಂದೆ ನಡೆದರು. ತಲೆ ಎತ್ತಿದರು.

ಬಹಳ ಹೊತ್ತೇನೂ ನಿಲ್ಲಲಿಲ್ಲ. ದಿನಾ ಬರುವವರು ಬಂದ ಹಾಗೆ ಗೇಟು ತೆರೆದು, ಮೆಟ್ಟಿಲು ಹತ್ತಿ, ಬಾಗಿಲ ಹಿಡಿಗೆ ಕೈ ಹಾಕಿದರು. ಆಮೇಲೆ ಹಿಂತಿರುಗಿ, ರಸ್ತೆಯ ಈಚೆ ಗೋಡೆಗಂಟಿ ನಿಂತಿದ್ದ ನಮ್ಮನ್ನು ಕಂಡರು. ಯಾರೆಂದು ಗೊತ್ತಿರಲಿಲ್ಲ, ಅವರ ಕಣ್ಣಿನಲ್ಲೇ ಅದು ತಿಳಿಯುತ್ತಿತ್ತು. ಆದರೂ ಬಾಗಿಲನ್ನು ಪೂರ್ತಿ ತೆರೆದು ಹಿಡಿದು ಕೈ ಬೀಸಿದರು. "ಕಮ್ ಇನ್, ಕಮ್ ಇನ್! ಬಿಸಿಲಲ್ಲಿ ಯಾಕೆ ನಿಂತಿದ್ದೀರಿ?"

ಅಪ್ಪ ಆ ಬಾಗಿಲ ಕೆಳಗೆ ಚಪ್ಪಲಿ ಬಿಟ್ಟು, ದೇವಸ್ಥಾನದ ಹೊಸ್ತಿಲು ದಾಟುವಾಗ ಮಾಡುವಂತೆ ಬಗ್ಗಿ, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋದರು.

ಕಾರ್ಖಾನೆಯ ಮ್ಯಾನೇಜರ್ ಮುಂದಿನ ವಾರ ಬಂದು ನೋಡಿದನಂತೆ. ಏಣಿ ತರಿಸಿ ಮೇಲೆ ಹತ್ತಿ, ಸುರುಳಿಯ ಒಳಗೆಲ್ಲ ಬೆರಳಾಡಿಸಿ, ಇಳಿದು ಅಪ್ಪನ ಎಡಗೈ ಹಿಡಿದು ತಿರುಗಿಸಿ ನೋಡಿದನಂತೆ. ಅಕ್ಟೋಬರಿನಲ್ಲಿ ಅಪ್ಪನ ವೀಸಾ ಮತ್ತೆ ಆಯಿತು. ಕಪಾಟಿನ ವಿಭಾಗದಿಂದ ತೆಗೆದು ಕೆತ್ತನೆಗೆ ಹಾಕಿದರು. ನಾನು ಅದೇ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿದೆ.

ವಾಲ್ಟರ್ ಅಂಕಲ್ ಇನ್ನೆರಡು ಚಳಿಗಾಲ ತಾವಾಗಿಯೇ ವಾಕಿಂಗ್ ಹೋಗಿ ತಾವಾಗಿಯೇ ಮರಳಿದರು. ಆಮೇಲೆ ಒಂದು ದಿನ ಆ ಬಾಗಿಲನ್ನೂ ಗುರುತಿಸದೆ ದಾಟಿ ನಡೆದರು. ಡಾಕ್ಟರ್ ಕೆಲಸ ಬಿಟ್ಟು ಅವರನ್ನು ಅಮೆರಿಕಕ್ಕೆ ಕರೆದುಕೊಂಡು ಹೋದರು. ಹೋಗುವ ಮುನ್ನ ಅಪ್ಪನೇ ಹೋಗಿ ಸ್ಕ್ರೂ ಬಿಚ್ಚಿ, ಒಂದೊಂದು ತುಂಡನ್ನೂ ಹಳೆ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬಿ ಕೊಟ್ಟರು. ಅದು ಈಗ ಯಾವ ಮನೆಯ ಮೇಲಿದೆಯೋ, ಇದೆಯೋ ಇಲ್ಲವೋ, ಗೊತ್ತಿಲ್ಲ. ಅದು ಹಡಗಿನಲ್ಲಿ ಹೋಯಿತೆಂದು ಮಾತ್ರ ಗೊತ್ತು.

ನಮ್ಮ ಸತ್ವಾದ ವಿಲ್ಲಾ ಈಗಿಲ್ಲ. ಮರವೂ ಇಲ್ಲ. ಸ್ಟೆಲ್ಲಾ ಆಂಟಿ ಮಂಗಳೂರಿಗೆ ಮರಳಿದ್ದಾರೆ. ಹಬ್ಬಕ್ಕೊಮ್ಮೆ ಫೋನು ಮಾಡಿದರೆ ಇಬ್ಬರೂ ಅಡಿಗೆಯ ಸುದ್ದಿ ಮಾತ್ರ ಆಡುತ್ತೇವೆ. ಅಮ್ಮ ತೀರಿಕೊಂಡು ಕೆಲವು ವರ್ಷವಾಯಿತು. ಅಮ್ಮನಂತೆ ಮೆಣಸ್ಕಾಯಿ ಮಾಡಲು ನಾನು ಕಲಿತಿದ್ದೇನೆ, ಆದರೆ ಕೋಣೆಗೊಂದು ಸಂಸಾರದವರು ಬಟ್ಟಲು ಹಿಡಿದು ಬಂದು ನಿಲ್ಲದೆ ಅದಕ್ಕೆ ಆ ರುಚಿ ಬರುವುದಿಲ್ಲ. ನಮ್ಮ ಹತ್ತಿರ ಆಗ ಹೆಚ್ಚೇನೂ ಇರಲಿಲ್ಲ. ಇದ್ದ ಜನ ಮಾತ್ರ ಎಂಥವರು! ಗೋಡೆಗೆ ತಿರುಗಿ ಮಲಗಿದ್ದ ಒಬ್ಬ ಮನುಷ್ಯನನ್ನು ಎಬ್ಬಿಸಿ ಕೂರಿಸಿದವರು, ಬಾಗಿಲಿಗೆ ಬಂದವರಿಗೆ 'ಇದ್ದೇನೆ' ಎಂದವರು. ಅಂಥವರ ನಡುವೆ ಹತ್ತು ವರ್ಷದವಳಾಗಿರುವ ಭಾಗ್ಯ ಸಿಕ್ಕಿದ್ದಕ್ಕೆ ನಾನು ಯಾರಿಗೆ ಕೈ ಮುಗಿಯಬೇಕೋ ಗೊತ್ತಿಲ್ಲ, ಮುಗಿಯುತ್ತೇನೆ.

ಅಪ್ಪ ಈಗ ಶಾರ್ಜಾದಲ್ಲಿ ನನ್ನ ಜೊತೆಯಲ್ಲೇ ಇದ್ದಾರೆ. ಮೊನ್ನೆ ಹೊಸ ಮನೆಗೆ ಬಾಗಿಲು ಹುಡುಕುತ್ತ ಮೊಬೈಲಿನಲ್ಲಿ ನೋಡುತ್ತಿದ್ದೆ. ಒಂದು ಅಂಗಡಿಯವರು ಹಂಸದ ಕತ್ತಿನ ಸುರುಳಿ, ಹೂವು, ಅನಾನಸ್ ಎಲ್ಲವನ್ನೂ ಮೆಷಿನ್ನಿನಲ್ಲಿ ಕೊರೆದು, ಬೇಕಾದ ಅಳತೆಯಲ್ಲಿ ಮನೆಗೇ ತಲುಪಿಸುತ್ತಾರಂತೆ. ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು, ಫೋನನ್ನು ಹತ್ತಿರಕ್ಕೂ ದೂರಕ್ಕೂ ಹಿಡಿದು ನೋಡಿದರು.

"ಚೆಂದ ಉಂಟು. ಒಂದು ಗೆರೆ ತಪ್ಪಿಲ್ಲ" ಎಂದರು. ಫೋನನ್ನು ವಾಪಸು ಕೊಡುತ್ತ ಕೇಳಿದರು: "ಇದು ಯಾರ ಮನೆಯದ್ದು ಮಗಾ?"

"ಯಾರದ್ದೂ ಅಲ್ಲ ಅಪ್ಪ. ಯಾರು ಬೇಕಾದರೂ ತೆಗೊಳ್ಳಬಹುದು."

"ಹೌದಾ" ಎಂದರು ಅಪ್ಪ. ಕನ್ನಡಕ ತೆಗೆದು ಮಡಿಚಿ ಜೇಬಿಗೆ ಹಾಕಿಕೊಂಡರು.